ಮಾಲ್ಟ್ ಹಿಟ್ಟಿಗೆ ಎಷ್ಟು ಬಗೆಯ ಕಾಳು ಬೇಕು?



ಅಡಿಕೆ ಸುಲಿತ, ಕಾಫಿ ಒಣಗಿಸುವಿಕೆ, ಗೊಬ್ಬರದ ಬಾಬ್ತು, ಇವೆಲ್ಲ ಪ್ರತಿ ಸಂಚಿಕೆಯಲ್ಲಿಯೂ ಇದ್ದೇ ಇರುತ್ತವೆ. ಈ ಸಲ ಅಡಿಗೆಮನೆಯ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಇದಕ್ಕೆ ಕಾರಣ ಮಾಗಡಿ ಕಡೆಯ ಒಂದು ಮನೆ.

ತೋಟ ನೋಡಲೆಂದು ಹೋಗಿದ್ದೆವು. ಒಂದೂವರೆ ಎಕರೆ ಅಡಿಕೆ, ಪಕ್ಕದಲ್ಲಿ ಎರಡು ಎಕರೆ ರಾಗಿ ಹೊಲ, ಬದುವಿನಲ್ಲಿ ನಾಲ್ಕಾರು ಮಾವು. ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ. ಬಾಯಲ್ಲಿ ಹಲ್ಲಿಲ್ಲ, ಊಟ ಸೇರದು, ಮುದ್ದೆ ನುಂಗಲು ಆಗದು. ಮೈ ಇಳಿದು ಅಂಗಿ ಸಡಿಲವಾಗಿತ್ತು. ಸೊಸೆ ದಿನಕ್ಕೆ ಮೂರು ಹೊತ್ತು ಗಂಜಿ ಕಾಯಿಸಿ ಕೊಡುತ್ತಿದ್ದರು. ಅಡಿಗೆಮನೆಯ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ಅದರಲ್ಲಿ ರಾಗಿ, ಗೋಧಿ, ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ, ಬಾರ್ಲಿ, ಅಕ್ಕಿ, ಹೆಸರು, ಹುರುಳಿ, ಕಡಲೆ, ಸೋಯಾ, ಬಟಾಣಿ, ಕಡಲೆಕಾಯಿ, ಗೋಡಂಬಿ, ಬಾದಾಮಿ ಎಂದು ಏಲಕ್ಕಿ, ಶುಂಠಿಯವರೆಗೆ ಒಟ್ಟು ಹತ್ತೊಂಬತ್ತು ಹೆಸರುಗಳು.

"ಎಲ್ಲಾ ಹಾಕಿದ್ರೆ ಶಕ್ತಿ ಜಾಸ್ತಿ ಅಂತಾರಲ್ಲಣ್ಣ" ಎಂದರು ಆಕೆ. "ನಮ್ಮ ಮಾವನಿಗೆ ಮಾತ್ರ ಹೊಟ್ಟೆಗೆ ಆಗಿ ಬರ್ತಿಲ್ಲ. ಗಟ್ಟಿ ಮಾಡಿದ್ರೆ ನುಂಗಲ್ಲ, ನೀರು ಮಾಡಿದ್ರೆ ಎರಡು ಗಳಿಗೆಗೆ ಹಸಿವು ಅಂತಾರೆ."

ಆ ಹತ್ತೊಂಬತ್ತರಲ್ಲಿ ಯಾವುದು ಆಗಿ ಬರುತ್ತಿಲ್ಲ ಎಂದು ಕೇಳಿದರೆ ಹೇಳುವವರು ಯಾರು? ಕೇಳಿದ ನಾವೇ ಮೂರ್ಖರಾದೆವು.

ಇದು ಒಂದು ಮನೆಯ ಮಾತಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕುಗಳಲ್ಲಿ ಸಣ್ಣ ಮಗುವೋ ಬಾಣಂತಿಯೋ ಮುದುಕರೋ ಇರುವ ಮನೆಗಳಲ್ಲಿ ಈಗ ಇಂಥ ಒಂದು ಪಟ್ಟಿ ಇದ್ದೇ ಇದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. 2024ರಲ್ಲಿ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನೊಡನೆ ರಾಗಿ ಮಿಶ್ರಣ ಕೊಡುವುದು ಆರಂಭವಾಯಿತು. ಇವೆರಡೂ ಒಳ್ಳೆಯವೇ. ಆದರೆ ಜೊತೆಜೊತೆಗೆ ಪಟ್ಟಿಗಳೂ ಉದ್ದವಾಗುತ್ತ ಬಂದವು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮಾಲ್ಟ್ ಹಿಟ್ಟಿಗೆ ಎರಡೇ ಕಾಳು ಸಾಕು: ಒಂದು ಧಾನ್ಯ, ಒಂದು ಬೇಳೆಕಾಳು. ನಮ್ಮ ಸೀಮೆಯಲ್ಲಿ ಅವು ರಾಗಿ ಮತ್ತು ಹೆಸರು. ಏಕೆಂಬುದನ್ನು ಮುಂದೆ ವಿವರಿಸುತ್ತೇವೆ.

ಮಾಲ್ಟ್ ಎಂದರೇನು?

ಈ ಶಬ್ದವನ್ನು ನಾವು ಸಡಿಲವಾಗಿ ಬಳಸುತ್ತ ಬಂದಿದ್ದೇವೆ. ಹುರಿದು ಬೀಸಿದ ಎಲ್ಲ ಹಿಟ್ಟೂ ಮಾಲ್ಟ್ ಅಲ್ಲ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಹದಕ್ಕೆ ಬಂದಾಗ ಒಣಗಿಸಿ ನಿಲ್ಲಿಸಿದರೆ ಮಾತ್ರ ಅದು ಮಾಲ್ಟ್. ನಮ್ಮ ಹಿರಿಯರ ಹುರಿಹಿಟ್ಟು ಬೇರೆಯದೇ ಪದಾರ್ಥ. ರಾಗಿಗೆ ತೇವ ಕೊಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ್ದು ಅದು. ಅದನ್ನು ಬೇಯಿಸದೆ ಬೆಲ್ಲ ಹಾಲು ಕಲಸಿ ತಿನ್ನಬಹುದು. ಮಾಲ್ಟ್ ಹಿಟ್ಟನ್ನು ಹಾಗೆ ತಿನ್ನಬಾರದು, ಬೇಯಿಸಲೇಬೇಕು.

ಮೊಳಕೆ ಒಡೆಯುವಾಗ ಕಾಳಿನೊಳಗೆ ಏನು ನಡೆಯುತ್ತದೆ? ಎಳೆ ಸಸಿಗೆ ಆಹಾರ ಬೇಕು. ಕಾಳಿನಲ್ಲಿರುವ ಪಿಷ್ಟವು ಬೀಗ ಹಾಕಿದ ಕಣಜದ ಹಾಗೆ. ಅದನ್ನು ಒಡೆದು ಸಕ್ಕರೆಯಾಗಿ ಮಾಡುವ ಕಿಣ್ವಗಳನ್ನು ಕಾಳು ತಾನೇ ತಯಾರಿಸಿಕೊಳ್ಳುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಅಮೈಲೇಸ್. ಮೊಳಕೆಯನ್ನು ಹದವರಿತು ಒಣಗಿಸಿದರೆ ಈ ಅಮೈಲೇಸ್ ಸಾಯದೆ ಹಿಟ್ಟಿನಲ್ಲಿ ಉಳಿಯುತ್ತದೆ. ಗಂಜಿ ಕಾಯಿಸುವಾಗ ಮತ್ತೆ ಎಚ್ಚರಗೊಂಡು ಪಿಷ್ಟವನ್ನು ಕತ್ತರಿಸುತ್ತದೆ. ಅಂಟು ಬಿಟ್ಟು ಗಂಜಿ ತೆಳುವಾಗುತ್ತದೆ.

ಮೇಲೆ ಹೇಳಿದ ಹಿರಿಯರಂಥವರಿಗೆ ಇದರಿಂದಾಗುವ ಪ್ರಯೋಜನ ಬಹಳ ದೊಡ್ಡದು. ಸಾದಾ ರಾಗಿ ಹಿಟ್ಟಿನ ಗಂಜಿಗೆ ಸ್ವಲ್ಪ ಹಿಟ್ಟು ಹೆಚ್ಚಾದರೂ ಅಂಬಲಿ ಹೋಗಿ ಅಂಟಾಗುತ್ತದೆ. ಆದ್ದರಿಂದ ಲೋಟದ ತುಂಬ ನೀರೇ ಇರುತ್ತದೆ, ಹಿಟ್ಟು ಹೆಸರಿಗೆ ಮಾತ್ರ. ಮಗುವಿನ ಹೊಟ್ಟೆ ಚಿಕ್ಕದು, ಮುದುಕರ ಹಸಿವು ಚಿಕ್ಕದು. ಅಷ್ಟರಲ್ಲೇ ಹೊಟ್ಟೆ ತುಂಬಿ, ಮೈಗೆ ಏನೂ ಸೇರದೆ ಹೋಗುತ್ತದೆ. ಮಾಲ್ಟ್ ಹಿಟ್ಟಾದರೆ ಅದೇ ತೆಳುವಿನ ಲೋಟಕ್ಕೆ ಎರಡರಷ್ಟು ಹಿಟ್ಟು ಹಿಡಿಯುತ್ತದೆ. ಶಕ್ತಿ ಬರುವುದು ಹೀಗೆ. ಹತ್ತೊಂಬತ್ತು ಹೆಸರಿನಿಂದಲ್ಲ.

ಈ ವಿದ್ಯೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಮಕ್ಕಳ ತೆಳು ಆಹಾರ ಮಾಡುವ ಕ್ರಮವನ್ನು 1982ರಲ್ಲಿಯೇ ಪ್ರಕಟಿಸಿದ್ದರು. ಎರಡೇ ಕಾಳು ಎಂಬುದನ್ನು ಗಮನಿಸಿರಿ. ಅದೇ ದಶಕದಲ್ಲಿ ಬರೋಡದ ವಿಶ್ವವಿದ್ಯಾನಿಲಯದಲ್ಲಿ ತಾರಾ ಗೋಪಾಲದಾಸ್ ಅವರು ಗಟ್ಟಿ ಗಂಜಿಗೆ ಚಿಟಿಕೆಯಷ್ಟು ಮೊಳಕೆ ಹಿಟ್ಟು ಬೆರೆಸಿ ತೆಳು ಮಾಡುವ ವಿಧಾನವನ್ನು ಹಳ್ಳಿಯ ತಾಯಂದಿರಿಗೆ ತಲುಪಿಸುವ ಕೆಲಸ ಮಾಡಿದರು.

ಬಿಯರಿನವರ ತೊಂದರೆಯೂ ಇದೇ

ಮಾಲ್ಟ್ ಎಂದೊಡನೆ ಕೆಲವರಿಗೆ ಬಿಯರಿನ ನೆನಪಾಗುವುದು ತಪ್ಪಲ್ಲ. ಬಿಯರಿನ ಮೊದಲರ್ಧ ಕೆಲಸ ನಮ್ಮ ಅಡಿಗೆಮನೆಯ ಕೆಲಸವೇ: ಕಾಳು ನೆನೆಸುವುದು, ಮೊಳೆಸುವುದು, ಒಣಗಿಸುವುದು, ಬಿಸಿ ನೀರಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವುದು. ಅಲ್ಲಿ ರಾಗಿಯ ಬದಲು ಬಾರ್ಲಿ. ಆ ಸಿಹಿ ನೀರನ್ನು ಸೋಸಿ, ಜೋನಿ ಬೆಲ್ಲದ ಹಾಗೆ ಗಟ್ಟಿ ಪಾಕಕ್ಕೆ ಇಳಿಸಿದರೆ ಅದೇ ಮಾಲ್ಟ್ ಸಾರ. ಡಬ್ಬಿಯ ಮಾಲ್ಟ್ ಪಾನೀಯಗಳ ಮೂಲವೂ ಈ ಜಾತಿಯದೇ. ಮಾಲ್ಟ್, ಗೋಧಿ, ಹಾಲು ಕೂಡಿಸಿದ ಪುಡಿಗೆ ವಿಲಿಯಂ ಹಾರ್ಲಿಕ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1883ರಲ್ಲಿ.

ಬ್ರಿಟನ್ನಿನಲ್ಲಿ 1963ರಿಂದ, ಅಮೆರಿಕದಲ್ಲಿ 1979ರಿಂದ ಜನರು ತಮ್ಮ ಬಳಕೆಗೆ ಮನೆಯಲ್ಲಿಯೇ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿ ತೆಗೆದರು. ಅಲ್ಲಿ ಹೊಸಬರು ಮಾಲ್ಟ್ ಸಾರದ ಡಬ್ಬಿ ತಂದು, ಬಣ್ಣಕ್ಕೊಂದು, ರುಚಿಗೊಂದು, ನೊರೆಗೊಂದು ಎಂದು ಐದಾರು ಬಗೆಯ ಹುರಿದ ಕಾಳನ್ನು ಅದಕ್ಕೆ ಸುರಿಯುತ್ತಾರೆ. ಕೊನೆಗೆ ಯಾವುದರ ರುಚಿಯೂ ತಿಳಿಯುವುದಿಲ್ಲ. ಪಳಗಿದವರು ಹೇಳುವುದು ಒಂದೇ ಮಾತು: ಭಾರ ಹೊರುವ ಕೆಲಸ ಸಾರದ್ದು, ಅದರ ಜೊತೆಗೆ ಒಂದು ಕಾಳು ಸಾಕು, ಮುಂದಿನ ಸಲ ಬೇಕಾದರೆ ಬದಲಾಯಿಸಿ ನೋಡು. ನಮ್ಮ ಹಿಟ್ಟಿಗೂ ಇದು ಅಕ್ಷರಶಃ ಒಪ್ಪುತ್ತದೆ.

ರಾಗಿಯಿಂದಲೂ ಅಂಥ ಪಾನೀಯ ಆಗುವುದುಂಟು. ಸಿಕ್ಕಿಂ ಮತ್ತು ಪೂರ್ವ ನೇಪಾಳದ ತೋಂಗ್ಬಾ ರಾಗಿಯದು. ಆದರೆ ಅಲ್ಲಿ ರಾಗಿಯನ್ನು ಮೊಳೆಸುವುದಿಲ್ಲ. ಬೇಯಿಸಿ, ಮಾರ್ಚಾ ಎಂಬ ಹೆಪ್ಪಿನ ಬಿಲ್ಲೆ ಪುಡಿ ಮಾಡಿ ಬೆರೆಸುತ್ತಾರೆ. ಉಗಾಂಡದಲ್ಲಿ ಮಾತ್ರ ಮೊಳಕೆ ರಾಗಿಯನ್ನೇ ಬಳಸುತ್ತಾರೆ. ಎರಡು ಕಡೆಯೂ ಕೊಳವೆಯಿಂದ ಹೀರಿ ಕುಡಿಯುವುದು ವಾಡಿಕೆ ಎಂಬುದು ಒಂದು ಸೋಜಿಗ. ರಾಗಿಯ ಮೂಲ ನೆಲವೇ ಪೂರ್ವ ಆಫ್ರಿಕದ ಎತ್ತರದ ಪ್ರದೇಶವೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ರಾಗಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳಿಗೆ ಇಂಡಾಫ್ ಎಂದು ಹೆಸರಿಟ್ಟದ್ದು ಆ ಎರಡು ನೆಲಗಳ ಹೆಸರನ್ನು ಕೂಡಿಸಿಯೇ.

ಇದನ್ನು ಓದಿ ಯಾರೂ ಹಂಡೆ ಇಳಿಸುವುದು ಬೇಡ. ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಮ್ಮ ಕೆಲಸ ಮೊದಲರ್ಧಕ್ಕೆ ನಿಲ್ಲತಕ್ಕದ್ದು.

ರಾಗಿಯೇ ಏಕೆ?

ಹೊಲದಲ್ಲಿ ಇದೆ ಎಂಬುದೊಂದೇ ಕಾರಣವಲ್ಲ. ಬಿಸಿಲು ನಾಡಿನ ಧಾನ್ಯಗಳಲ್ಲಿ ಮಾಲ್ಟಿಗೆ ರಾಗಿಯಷ್ಟು ಒಗ್ಗುವುದು ಬೇರೊಂದಿಲ್ಲ. ಮೊಳಕೆ ಸಮನಾಗಿ ಬರುತ್ತದೆ, ಅಮೈಲೇಸ್ ಧಾರಾಳವಾಗಿ ಬೆಳೆಯುತ್ತದೆ, ತೇವದಲ್ಲಿ ಎರಡು ದಿನ ಇದ್ದರೂ ಇತರ ಕಾಳುಗಳಷ್ಟು ಬೇಗ ಬೂಷ್ಟು ಹಿಡಿಯುವುದಿಲ್ಲ. ಮೊಳೆತ ಮೇಲೆ ಘಮವೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದು, ನಮ್ಮ ಧಾನ್ಯಗಳಲ್ಲಿ ಇದಕ್ಕೆ ಸಾಟಿಯಾದದ್ದು ಇಲ್ಲ. ಮೊಳೆಸುವುದರಿಂದ ಕಬ್ಬಿಣದಂಶವೂ ಮೈಗೆ ಹೆಚ್ಚು ಹತ್ತುತ್ತದೆ.

ಪಟ್ಟಿಯಲ್ಲಿದ್ದ ಉಳಿದವುಗಳ ವಿಚಾರ. ಜೋಳದ ಮೊಳಕೆಯಲ್ಲಿ ಸಯನೈಡ್ ವಿಷ ಹುಟ್ಟಿಸುವ ಪದಾರ್ಥವಿದೆ. ಎಳೆ ಜೋಳದ ಪೈರು ಮೇಯ್ದು ದನ ಉಬ್ಬಿ ಬೀಳುವುದನ್ನು ನೋಡಿದವರಿಗೆ ಇದು ಗೊತ್ತು. ಮೊಳಕೆ ಬೇರುಗಳನ್ನು ಪೂರ್ತಿ ಉದುರಿಸಿ ಬಳಸುವ ಕ್ರಮವಿದೆಯಾದರೂ ಮಗುವಿನ ಹಿಟ್ಟಿಗೆ ಆ ಅಪಾಯ ಏಕೆ? ಜೋಳದ ರೊಟ್ಟಿ ತಿನ್ನಿರಿ, ಮೊಳಕೆ ಬೇಡ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಹಿಟ್ಟು ಬೇಗ ಕಹಿಯಾಗುತ್ತದೆ. ಮುಸುಕಿನ ಜೋಳ ದಪ್ಪ ಕಾಳು, ನೆನೆಯಲು ತಡ, ಬೂಷ್ಟಿಗೆ ಮೊದಲ ತುತ್ತು. ಗೋಧಿ, ಬಾರ್ಲಿ ಚೆನ್ನಾಗಿ ಮೊಳೆಯುತ್ತವೆ, ತಕರಾರಿಲ್ಲ. ಆದರೆ ಕೊಂಡು ತರಬೇಕು, ಮತ್ತು ರಾಗಿ ಮಾಡದ ಕೆಲಸವನ್ನೇನೂ ಅವು ಮಾಡುವುದಿಲ್ಲ. ಅಕ್ಕಿಯಲ್ಲಿ ಮೊಳಕೆಯೇ ಉಳಿದಿಲ್ಲ. ಸೋಯಾ ಸರಿಯಾಗಿ ಬೇಯದಿದ್ದರೆ ಜೀರ್ಣಕ್ಕೆ ಅಡ್ಡಿ. ಕಡಲೆಕಾಯಿ, ಗೋಡಂಬಿ, ಬಾದಾಮಿ ಒಳ್ಳೆಯ ಆಹಾರವೇ ಹೌದು, ಆದರೆ ಹಿಟ್ಟಿನೊಡನೆ ಬೀಸಿಟ್ಟರೆ ಎಣ್ಣೆ ಕಮಟಾಗಿ ಇಡೀ ಡಬ್ಬ ಹಾಳು. ಬೇಕಾದವರು ಕುಡಿಯುವ ಹೊತ್ತಿಗೆ ಅರೆದು ಬೆರೆಸಿಕೊಳ್ಳಲಿ. ಏಲಕ್ಕಿಯನ್ನು ಮಾತ್ರ ನಾವು ಪಟ್ಟಿಯಿಂದ ತೆಗೆಯುವುದಿಲ್ಲ. ಕಾಫಿ ತೋಟದವರ ಮನಸ್ಸು ನೋಯಿಸುವ ಧೈರ್ಯ ನಮಗಿಲ್ಲ.

ಇನ್ನು ಬೇಳೆಕಾಳು ಒಂದು ಬೇಕೇ ಬೇಕು. ರಾಗಿಯ ಪ್ರೋಟೀನು ಏಳು ಶೇಕಡಾ ಮಾತ್ರ, ಅದರಲ್ಲಿಯೂ ಲೈಸೀನ್ ಎಂಬ ಅಂಶ ಕಡಿಮೆ. ಆ ಕೊರತೆಯನ್ನು ಬೇಳೆಕಾಳು ತುಂಬುತ್ತದೆ, ಬೇಳೆಕಾಳಿನ ಕೊರತೆಯನ್ನು ರಾಗಿ ತುಂಬುತ್ತದೆ. ಮುದ್ದೆಗೆ ಕಾಳುಸಾರು ಬಡಿಸುವ ನಮ್ಮ ಪದ್ಧತಿಯೂ ಇದೇ ಲೆಕ್ಕದ್ದು. ಹೆಸರು ಒಂದೇ ದಿನದಲ್ಲಿ ಮೊಳೆಯುತ್ತದೆ, ಹೊಟ್ಟೆ ಉಬ್ಬರಿಸುವುದು ಕಡಿಮೆ. ಹೆಸರಿಲ್ಲದಿದ್ದರೆ ಅಲಸಂದೆ. ಹುರುಳಿ ದೊಡ್ಡವರಿಗೆ ಸರಿ, ಮಗುವಿಗೆ ಅದರ ವಾಸನೆ ಹಿಡಿಸದು. ಅವರೆಯ ಮೇಲೆ ನಮಗೆಷ್ಟೇ ಪ್ರೀತಿ ಇದ್ದರೂ, ಅಕ್ಕಡಿ ಸಾಲಿನಲ್ಲಿ ಎಷ್ಟೇ ಬೆಳೆದಿದ್ದರೂ, ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸುವ ತನಕ ಅದು ಭಾರ. ಸಾರಿಗೆ ಇಟ್ಟುಕೊಳ್ಳಿರಿ.

ಏಳು ಪಾಲು ರಾಗಿ, ಮೂರು ಪಾಲು ಹೆಸರು. ಇಷ್ಟೇ.

ಎಲ್ಲವನ್ನೂ ಒಟ್ಟಿಗೆ ನೆನೆಸಿದರೆ ಏನು ತಪ್ಪು ಎಂದು ಕೇಳುವವರುಂಟು. ಪ್ರತಿಯೊಂದು ಕಾಳಿಗೂ ನೆನೆಯುವ ಹೊತ್ತು ಬೇರೆ, ಮೊಳೆಯುವ ಹೊತ್ತು ಬೇರೆ. ಹೆಸರು ಮೊಳೆತು ಹುಳಿಯುವ ವೇಳೆಗೆ ರಾಗಿ ಇನ್ನೂ ಕಣ್ಣು ಬಿಡುತ್ತಿರುತ್ತದೆ. ಒಂದಕ್ಕೆ ಹದವಾದರೆ ಇನ್ನೊಂದಕ್ಕೆ ಕೊಳೆ. ಕಾಫಿ ಹಣ್ಣನ್ನು ಪಲ್ಪ್ ಮಾಡಿ ತೊಟ್ಟಿಯಲ್ಲಿ ಬಿಡುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತು ಮೀರಿದ ತೊಟ್ಟಿ ಏನಾಗುತ್ತದೆಂದು ಅವರು ಮೂಗಿನಿಂದಲೇ ಬಲ್ಲರು.

ಮಾಡುವ ಕ್ರಮ

ಮೊದಲು ರಾಗಿಯ ಆಯ್ಕೆ. ಹಿಂದೆ ನಮ್ಮ ಕಡೆ ಹಗೇವಿನಲ್ಲಿ ರಾಗಿ ವರ್ಷಾನುಗಟ್ಟಲೆ ಇರುತ್ತಿತ್ತು. ಮುದ್ದೆಗೆ ಅದು ನಡೆಯಿತು. ಆದರೆ ಹಳೆಯ ರಾಗಿ ಮೊಳೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮೊಳೆಯದ ಕಾಳಿನಲ್ಲಿ ಮಾಲ್ಟ್ ಇಲ್ಲ. ಆ ವರ್ಷದ ರಾಗಿಯೇ ಆಗಬೇಕು, ಕಣದಿಂದ ಬಂದು ತಿಂಗಳೊಪ್ಪತ್ತು ಕಳೆದಿರಬೇಕು. ಸಂಕ್ರಾಂತಿ ಸುಮಾರಿಗೆ ಒಕ್ಕಣೆ ಮುಗಿದರೆ ಶಿವರಾತ್ರಿಯಿಂದ ಯುಗಾದಿಯವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ, ಬಿಸಿಲೂ ಚೆನ್ನಾಗಿರುತ್ತದೆ. ಮಳೆಗೆ ಸಿಕ್ಕಿದ ಮೆದೆಯ ರಾಗಿ ಬೇಡ. ರಸ್ತೆಯ ಮೇಲೆ ಹರಡಿ ಗಾಡಿ ಹಾಯಿಸಿ ಒಕ್ಕಿದ ರಾಗಿಯೂ ಬೇಡ. ಕಲ್ಲು ಮಣ್ಣಿನ ಮಾತು ಹಾಗಿರಲಿ, ಚಕ್ರಕ್ಕೆ ಸಿಕ್ಕಿ ಬಿರಿದ ಕಾಳು ಮೊಳೆಯದೆ ಕೊಳೆಯುತ್ತದೆ.

ಅಡಿಕೆ ಸಸಿಗೆ ಗೋಟು ಆರಿಸುವವರು ನೀವು, ಪರೀಕ್ಷೆ ನಿಮಗೆ ಹೊಸದಲ್ಲ. ನೂರು ರಾಗಿ ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ದಿನಕ್ಕೆ ತೊಂಬತ್ತು ಮೊಳೆತರೆ ಆ ರಾಗಿ ಆಗಬಹುದು. ಎಪ್ಪತ್ತಕ್ಕೆ ಇಳಿದರೆ ಮುದ್ದೆಗೆ ಬಿಡಿ. ಜಿ.ಪಿ.ಯು.-28, ಎಂ.ಎಲ್.-365 ಮೊದಲಾಗಿ ಹೊಲದಲ್ಲಿ ಯಾವ ತಳಿ ಇದೆಯೋ ಅದು ಸಾಕು, ಮಾಲ್ಟಿಗೆಂದು ಬೇರೆ ತಳಿ ಹುಡುಕಬೇಕಾಗಿಲ್ಲ.

ರಾಗಿಯನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು, ತೇಲಿದ ಜೊಳ್ಳು ತೆಗೆದು, ಸಂಜೆ ನೆನೆಹಾಕಿ. ಮಲಗುವ ಮುನ್ನ ಒಮ್ಮೆ ನೀರು ಬದಲಿಸಿ. ಬೆಳಗ್ಗೆ ಬಸಿದು, ತೊಳೆದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಬುಟ್ಟಿಯಲ್ಲಿ ನೆರಳಿಗೆ ಇಡಿ. ಬೆಳಗ್ಗೆ ಸಂಜೆ ನೀರು ಚಿಮುಕಿಸಿ, ಗಂಟು ಬಿಚ್ಚಿ ಕೈಯಾಡಿಸಬೇಕು. ಮೊಳೆಯುವ ಕಾಳು ಉಸಿರಾಡುತ್ತದೆ, ಒಳಗೆ ಬಿಸಿ ಏಳುತ್ತದೆ. ಕಳೆದ ವರ್ಷ ನಾವು ಇದನ್ನು ಅಸಡ್ಡೆ ಮಾಡಿ, ಗಾಳಿಗೆ ಒಣಗದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟು ಕನಕಪುರಕ್ಕೆ ಮದುವೆಗೆ ಹೋದೆವು. ಮರುದಿನ ಬಂದು ಬಿಚ್ಚಿದರೆ ಐದು ಕಿಲೋ ರಾಗಿ ಹೆಂಡದಂಗಡಿಯ ವಾಸನೆ ಹೊಡೆಯುತ್ತಿತ್ತು. ಅಬಕಾರಿಯವರು ಬರುವ ಮೊದಲೇ ತಿಪ್ಪೆಗೆ ಹೋಯಿತು.

ಎರಡು ದಿನಕ್ಕೆ ಬೇರು ಕಾಳಿನ ಎರಡು ಮೂರರಷ್ಟು ಉದ್ದವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಹಸಿರು ತಿರುಗುವ ತನಕ ಬಿಟ್ಟರೆ ಕಾಳಿನ ಹಿಟ್ಟನ್ನೆಲ್ಲ ಸಸಿಯೇ ತಿಂದಿರುತ್ತದೆ. ತೆಳುವಾಗಿ ಹರಡಿ ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ, ಮೊರದಲ್ಲಿ ಅಂಗೈಯಿಂದ ಉಜ್ಜಿ, ಬೇರು ಉದುರಿಸಿ ಕೇರಿಬಿಡಿ. ಬೇರಿನಲ್ಲಿ ಕಹಿ ಇದೆ.

ಹುರಿಯುವುದರಲ್ಲಿಯೇ ಎಲ್ಲರೂ ಎಡವುವುದು. ಘಮಘಮ ಬರಲೆಂದು ಕೆಂಪಗೆ ಹುರಿದುಬಿಡುತ್ತಾರೆ. ಘಮವೇನೋ ಬರುತ್ತದೆ, ಅಮೈಲೇಸ್ ಸತ್ತಿರುತ್ತದೆ. ಅಲ್ಲಿಗೆ ಎರಡು ದಿನ ಮೊಳೆಸಿದ ಶ್ರಮ ನೀರಿನಲ್ಲಿ ಹೋಮ. ರಾಗಿಯನ್ನು ಮೊದಲು ಚೆನ್ನಾಗಿ ಒಣಗಿಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ಆಡಿಸುತ್ತ, ಕಾಳು ಅಂಗೈಗೆ ಬಿಸಿ ತಾಗಿ ಘಮದ ಮೊದಲ ಸುಳಿವು ಬಂದೊಡನೆ ಇಳಿಸಿ. ಹೆಸರುಕಾಳಿನ ಮಾತು ಬೇರೆ. ಅದರಿಂದ ನಮಗೆ ಬೇಕಾದದ್ದು ಪ್ರೋಟೀನು, ಕಿಣ್ವವಲ್ಲ. ಎಂಟು ಗಂಟೆ ನೆನೆಸಿ, ಒಂದು ದಿನ ಮೊಳೆಸಿ, ಒಣಗಿಸಿ, ಹಸಿ ವಾಸನೆ ಹೋಗುವ ಹಾಗೆ ಚೆನ್ನಾಗಿ ಹುರಿದು, ಸಿಪ್ಪೆ ಕೇರಬೇಕು. ಒಂದಕ್ಕೆ ಹದ ಬಿಸಿ, ಒಂದಕ್ಕೆ ಪೂರ್ತಿ ಹುರಿತ. ಇವೆರಡನ್ನು ಒಂದೇ ಬಾಣಲೆಗೆ ಹಾಕುವಂತಿಲ್ಲ. ಹತ್ತೊಂಬತ್ತರ ಗತಿ ಏನಾಗುತ್ತದೆಂದು ನೀವೇ ಯೋಚಿಸಿ.

ಮಿಲ್ಲಿಗೆ ಹೋದಾಗ ನಿಮಗಿಂತ ಮುಂದೆ ಯಾರು ಏನು ಬೀಸಿದರೆಂದು ನೋಡಿಕೊಳ್ಳಿ. ಒಣ ಮೆಣಸಿನಕಾಯಿ ಬೀಸಿದ ಬೆನ್ನಿಗೆ ಮಗುವಿನ ಹಿಟ್ಟು ಹಾಕಿದ ಮನೆಗಳನ್ನು ನಾವು ಬಲ್ಲೆವು. ಹಿಟ್ಟು ಬಿಸಿ ಆರಿದ ಮೇಲೆ ಡಬ್ಬಕ್ಕೆ ತುಂಬಿ. ಒಂದು ತಿಂಗಳಿಗೆ ಬೇಕಾದಷ್ಟೇ ಮಾಡಿಕೊಳ್ಳುವುದು ಒಳಿತು.

ಕುದಿವ ನೀರಿಗೆ ಸುರಿಯಬೇಡಿ

ಹಿಟ್ಟು ಎಷ್ಟೇ ಚೆನ್ನಾಗಿದ್ದರೂ ಕಾಯಿಸುವ ಕ್ರಮ ತಪ್ಪಿದರೆ ಫಲವಿಲ್ಲ. ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ರಾಗಿಯ ಪಿಷ್ಟ ಬೆಂದು ಬಿಚ್ಚಿಕೊಳ್ಳುತ್ತದೆ. ಅದನ್ನು ದಾಟಿ ಇನ್ನಷ್ಟು ಬಿಸಿಯಾದರೆ ಅಮೈಲೇಸ್ ಸಾಯುತ್ತದೆ. ಕೆಲಸ ನಡೆಯುವುದು ಈ ಕಿರಿದಾದ ಎಡೆಯಲ್ಲಿ. ಕುದಿಯುವ ಎಸರಿಗೆ ಹಿಟ್ಟು ಸುರಿದರೆ ಕಿಣ್ವ ತಕ್ಷಣ ಸತ್ತು ಗಂಜಿ ಅಂಟಾಗಿ ಕೂರುತ್ತದೆ. ಆದ್ದರಿಂದ ಒಂದು ಲೋಟ ತಣ್ಣೀರಿಗೆ ಮೂರು ದೊಡ್ಡ ಚಮಚ ಹಿಟ್ಟು ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಇಟ್ಟು ತಿರುವುತ್ತಿರಿ. ಮೊದಲು ಗಟ್ಟಿಯಾಗುತ್ತ ಬರುತ್ತದೆ. ಆಮೇಲೆ ನೋಡುತ್ತಿದ್ದ ಹಾಗೆಯೇ ಸಡಿಲಗೊಳ್ಳುತ್ತದೆ. ಅಷ್ಟಾದ ಮೇಲೆ ಉರಿ ಏರಿಸಿ ಐದು ನಿಮಿಷ ಚೆನ್ನಾಗಿ ಕುದಿಸಿ. ಈ ಕುದಿ ಕಡ್ಡಾಯ, ಏಕೆಂದರೆ ಎರಡು ದಿನ ತೇವದಲ್ಲಿದ್ದ ಕಾಳಿನಲ್ಲಿ ರೋಗಾಣುಗಳೂ ಬೆಳೆದಿರುತ್ತವೆ.

ಅಂಗಡಿಯಿಂದ ತಂದ ಹಿಟ್ಟು ನಿಜವಾಗಿ ಮಾಲ್ಟೇ ಎಂದು ತಿಳಿಯಲು ಒಂದು ಚಮಚದ ಪರೀಕ್ಷೆ ಸಾಕು. ಸಾದಾ ರಾಗಿ ಹಿಟ್ಟಿನಿಂದ ಗಟ್ಟಿ ಗಂಜಿ ಕಾಯಿಸಿ ಇಳಿಸಿ. ಬೆರಳು ತಾಗಿಸಿದರೆ ಚುರುಕ್ ಎನ್ನುವಷ್ಟು ಬಿಸಿಗೆ ಬಂದಾಗ ಆ ಹಿಟ್ಟನ್ನು ಒಂದು ಚಮಚ ಹಾಕಿ ತಿರುವಿ. ಹತ್ತು ನಿಮಿಷದೊಳಗೆ ಗಂಜಿ ನೀರಾದರೆ ಮಾಲ್ಟ್. ಹಾಗೆಯೇ ಕುಳಿತಿದ್ದರೆ ಅದು ಹುರಿದ ಹಿಟ್ಟು, ಚೀಟಿಯ ಮೇಲೆ ಏನೇ ಬರೆದಿರಲಿ.

ತೋಟದ ಮನೆಗಳಿಗೆ ಎಚ್ಚರಿಕೆ

ಇದನ್ನು ತಪ್ಪದೆ ಓದಬೇಕಾಗಿ ವಿನಂತಿ. ಬೋರ್ಡೊ ದ್ರಾವಣ ಕಲಸಿದ ಡ್ರಮ್ಮಿನಲ್ಲಿ, ಔಷಧಿಯ ಬಕೆಟ್ಟಿನಲ್ಲಿ, ಎಷ್ಟೇ ತೊಳೆದಿದ್ದರೂ, ಕಾಳು ನೆನೆಹಾಕಕೂಡದು. ಅಡಿಕೆಗೆ ಬಣ್ಣ ಕಟ್ಟಿ ಹರಡಿದ ಟಾರ್ಪಾಲಿನ ಮೇಲೆ ಮೊಳಕೆ ಒಣಗಿಸಕೂಡದು. ಗೊಬ್ಬರದ ಚೀಲದಲ್ಲಿ ಕಟ್ಟಕೂಡದು. ಇದಕ್ಕಿಂತ ಮುಖ್ಯವಾದದ್ದು, ಬಿತ್ತನೆ ಮುಗಿದು ಉಳಿದ ಬೀಜವನ್ನು ಎಂದಿಗೂ ಅಡಿಗೆಮನೆಗೆ ತರಬಾರದು. ಪ್ಯಾಕೆಟ್ಟಿನ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಬಣ್ಣ ತೊಳೆದರೆ ಹೋಗಬಹುದು, ವಿಷ ಹೋಗುತ್ತದೆಂಬ ಭರವಸೆ ಇಲ್ಲ. ಮೊಳಕೆ ಚೆನ್ನಾಗಿ ಬರುವುದರಿಂದಲೇ ಜನ ಮೋಸ ಹೋಗುತ್ತಾರೆ.

ಮೊಳಕೆಯಲ್ಲಿ ಕಪ್ಪು, ಹಸಿರು ಬೂಷ್ಟಾಗಲಿ ಹುಳಿ ವಾಸನೆಯಾಗಲಿ ಕಂಡರೆ ಪೂರ್ತಿ ಗಂಟನ್ನೇ ಎಸೆಯಿರಿ. ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ.

ಆರು ತಿಂಗಳು ತುಂಬುವ ತನಕ ಮಗುವಿಗೆ ತಾಯಿಯ ಹಾಲೊಂದೇ ಸಾಕು. ಸಕ್ಕರೆ ಕಾಯಿಲೆ ಇರುವವರಿಗೆ ಮಾಲ್ಟ್ ಗಂಜಿ ಹೇಳಿಸಿದ್ದಲ್ಲ. ಪಿಷ್ಟ ಆಗಲೇ ಒಡೆದಿರುವುದರಿಂದ ಅದು ರಕ್ತದಲ್ಲಿ ಬೇಗ ಸಕ್ಕರೆ ಏರಿಸುತ್ತದೆ. ಅವರಿಗೆ ಮುದ್ದೆಯೇ ವಾಸಿ. ಕುಡಿಯುವಾಗಲೆಲ್ಲ ಕೆಮ್ಮಿ ಒದ್ದಾಡುವ ವೃದ್ಧರಿಗೆ ತೆಳು ಗಂಜಿ ಶ್ವಾಸನಾಳಕ್ಕೆ ಇಳಿಯುವ ಭಯವಿದೆ. ವೈದ್ಯರನ್ನು ಕೇಳದೆ ಕೊಡಬಾರದು.

ಕೆಲವು ಮಹಿಳಾ ಸದಸ್ಯರು ಇದನ್ನು ಮಾಡಿ ಮಾರಬಹುದೇ ಎಂದು ಕೇಳಿದ್ದಾರೆ. ಮಾರಬಹುದು. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. 2025-26ನೆಯ ಸಾಲಿಗೆ ರಾಗಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಎಂದರೆ ಕಿಲೋಗೆ ಐವತ್ತು ರೂಪಾಯಿಗೂ ಒಳಗೆ. ಅಂಗಡಿಯಲ್ಲಿ ಮಾಲ್ಟ್ ಪೊಟ್ಟಣದ ಬೆಲೆ ನೋಡಿ ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ. ಬೇರು, ಹೊಟ್ಟು, ಉಸಿರಾಟದಲ್ಲಿ ಹೋಗುವ ತೂಕವನ್ನು ಕಳೆಯಲು ಮರೆಯಬಾರದು.

ಮಾಗಡಿಯ ಆ ಮನೆಗೆ ಎರಡು ತಿಂಗಳ ಮೇಲೆ ಮತ್ತೆ ಹೋಗಿದ್ದೆವು. ಹತ್ತೊಂಬತ್ತನ್ನು ಬಿಟ್ಟು ಮೊದಲ ಹದಿನೈದು ದಿನ ರಾಗಿಯೊಂದನ್ನೇ ಕೊಟ್ಟರಂತೆ. ಹೊಟ್ಟೆ ಸುಧಾರಿಸಿತು. ಆಮೇಲೆ ಹೆಸರು ಸೇರಿಸಿದರು. ಅದೂ ಒಗ್ಗಿತು. ಹುರುಳಿ ಸೇರಿಸಿ ನೋಡಿದಾಗ ಮತ್ತೆ ಹೊಟ್ಟೆ ಕೆಟ್ಟಿತು, ಬಿಟ್ಟರು. ಹಿರಿಯರು ಜಗುಲಿಯಲ್ಲಿ ಕುಳಿತು, ಅಡಿಕೆ ಗೊನೆ ಇಳಿಸುವವನಿಗೆ ಜೋರು ಮಾಡುತ್ತಿದ್ದರು. ಗಂಜಿ ಹೇಗಿದೆ ಎಂದು ಕೇಳಿದೆವು. "ಉಪ್ಪು ಕಮ್ಮಿ ಹಾಕ್ತಾಳೆ ಕಣಪ್ಪ" ಎಂದರು.

ಹೆಸರಿನ ಬದಲು ಅಲಸಂದೆ ಬಳಸಿ ನೋಡಿದ ಸದಸ್ಯರು, ಯಾವ ತಳಿಯ ರಾಗಿ ನೂರಕ್ಕೆ ಎಷ್ಟು ಮೊಳೆಯಿತೆಂದು ಎಣಿಸಿದವರು, ದಯವಿಟ್ಟು ಒಂದು ಕಾಗದ ಬರೆದು ಸಂಘದ ಕಛೇರಿಗೆ ತಿಳಿಸಬೇಕು.